ಇಳಿಜಾರಿನ ಮೇಲೆ ನಿಂತ ಕೆರೆ: ಕುಲಪತಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಮೊದಲಿಗೆ ಒಂದು ತಿದ್ದುಪಡಿ. ಕಳೆದ ಗುರುವಾರದ ಪತ್ರಿಕೆಯಲ್ಲಿ ತಮ್ಮ ಕಚೇರಿಯ ಪ್ರಕಟಣೆ ಹೀಗಿದೆ: "ಭೂಗೋಳಶಾಸ್ತ್ರ ವಿಭಾಗದ ಅಂತಿಮ ವರ್ಷದ ನಲವತ್ತು ವಿದ್ಯಾರ್ಥಿಗಳ ಪೈಕಿ ಮೂವತ್ತೊಂಬತ್ತು ಮಂದಿ ಕ್ಷೇತ್ರಾಧ್ಯಯನವನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ. ಗೈರುಹಾಜರಾದ ಒಬ್ಬ ವಿದ್ಯಾರ್ಥಿನಿಯು ವಿಭಾಗದ ವಿರುದ್ಧ ಅಪಪ್ರಚಾರದಲ್ಲಿ ತೊಡಗಿರುವುದು ವಿಷಾದನೀಯ." ಅಂಕಿಗಳು ಸರಿಯಾಗಿವೆ, ಅವು ನಿಂತಿರುವ ಜಾಗ ಮಾತ್ರ ಅದಲುಬದಲಾಗಿದೆ. ಕ್ಷೇತ್ರಕ್ಕೆ ಹೋದವಳು ಒಬ್ಬಳು. ಹೋಗದವರು ಮೂವತ್ತೊಂಬತ್ತು ಮಂದಿ. ಅವರನ್ನು ಕರೆದೊಯ್ಯಬೇಕಿದ್ದ ನಾಲ್ವರು ಅಧ್ಯಾಪಕರನ್ನೂ ಸೇರಿಸಿದರೆ ನಲವತ್ತಮೂರು ಮಂದಿ. ಶಾಲೆಯಲ್ಲಿ ಇಂತಹ ಉತ್ತರ ಬರೆದ ಹುಡುಗನಿಗೆ 'ಪ್ರಶ್ನೆಯನ್ನು ಮತ್ತೊಮ್ಮೆ ಓದು' ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸುತ್ತಿದ್ದೆ. ತಮಗೆ ಹಾಗೆ ಬರೆಯುವ ಅಧಿಕಾರ ನನಗಿಲ್ಲವಾದ್ದರಿಂದ ಇಡೀ ಪತ್ರವನ್ನೇ ಬರೆಯಬೇಕಾಗಿದೆ.

ಆ ಒಬ್ಬಳು ನನ್ನ ಮಗಳ ಮಗಳು. ಪಕ್ಷಪಾತವನ್ನು ಬಚ್ಚಿಟ್ಟುಕೊಂಡು ನ್ಯಾಯ ಕೇಳುವವನು ನಾನಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಉಳಿದ ಎಲ್ಲ ವಿಷಯಗಳಲ್ಲೂ ಪ್ರಥಮ ದರ್ಜೆ ಪಡೆದ ಅವಳಿಗೆ ಕ್ಷೇತ್ರಾಧ್ಯಯನದಲ್ಲಿ ಸೊನ್ನೆ ಬಂದಿದೆ. ಅದರಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲ. ಪದವಿಯಿಲ್ಲದೆ, ಪ್ರವೇಶ ಪರೀಕ್ಷೆ ಬರೆದು ಅವಳು ಗಳಿಸಿಕೊಂಡಿರುವ ಭೂಮಾಪನ ತರಬೇತಿಯ ಸೀಟು ಈ ತಿಂಗಳ ಕೊನೆಗೆ ಬೇರೆಯವರ ಪಾಲಾಗುತ್ತದೆ. ಭೂಮಿಯನ್ನು ಅಳೆಯಬೇಕೆಂಬುದು ಅವಳ ಬಾಲ್ಯದ ಹಂಬಲ. ಭೂಮಿಯನ್ನು ಅಳೆದದ್ದೇ ಅವಳ ಅಪರಾಧವಾಗಿದೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಮಗೆ ಯಾರೂ ಹೇಳಿರಲಾರರು, ಏಕೆಂದರೆ ಹೇಳಬೇಕಾದವರೆಲ್ಲ ಆ ಪ್ರಕಟಣೆಯನ್ನು ಬರೆಯುವುದರಲ್ಲಿ ಮಗ್ನರಾಗಿದ್ದರು.

ತಮ್ಮ ಭೂಗೋಳಶಾಸ್ತ್ರ ವಿಭಾಗವನ್ನು ತಾವು ಕಂಡಿದ್ದೀರೋ ಇಲ್ಲವೋ ತಿಳಿಯದು. ನಾನು ಕಂಡಿದ್ದೇನೆ. ಮೂರನೆಯ ಮಹಡಿಯ ಓಣಿಯ ಕೊನೆಯಲ್ಲಿ ಪ್ರಯೋಗಶಾಲೆಯೆಂಬ ಕೋಣೆಯಿದೆ. ಅದಕ್ಕೆ ನಾಲ್ಕು ದೊಡ್ಡ ಕಿಟಕಿಗಳಿವೆ. ನಾಲ್ಕಕ್ಕೂ ಅಡ್ಡಲಾಗಿ ಕಬ್ಬಿಣದ ಬೀರುಗಳನ್ನು ನಿಲ್ಲಿಸಲಾಗಿದೆ. ಹೊರಗಿನ ಲೋಕವನ್ನು ಕಲಿಸಲೆಂದು ಕಟ್ಟಿದ ಕೋಣೆಯಲ್ಲಿ ಹಗಲಿಗೂ ದೀಪ ಉರಿಯುತ್ತದೆ. ಬೀರುಗಳೊಳಗೆ ದಿಕ್ಸೂಚಿಗಳು, ಮಟ್ಟ ನೋಡುವ ಉಪಕರಣಗಳು, ಅಳತೆ ಸರಪಳಿಗಳು ಪ್ಲಾಸ್ಟಿಕ್ ಹೊದಿಕೆ ಕಳಚದೆ ಮಲಗಿವೆ. ಮುಟ್ಟಿದರೆ ಕೆಡುತ್ತವೆ ಎಂಬುದು ವಿಭಾಗದ ನಂಬಿಕೆ. ಮುಟ್ಟದೆ ವಿದ್ಯಾರ್ಥಿಗಳು ಕೆಡುತ್ತಾರೆಂಬುದು ಯಾರಿಗೂ ಹೊಳೆದಂತಿಲ್ಲ.

ಈ ಕೋಣೆಗೊಂದು ವಿಶೇಷ ಸಂಪ್ರದಾಯವಿದೆ. ಇಲ್ಲಿ ಕಪ್ಪುಹಲಗೆ ಇರುವ ಗೋಡೆಯೇ ಉತ್ತರ. ಭೂಮಿಯ ಉತ್ತರ ಎಲ್ಲಿಯಾದರೂ ಇರಲಿ, ಪ್ರಾಯೋಗಿಕ ತರಗತಿಯಲ್ಲಿ ಕಪ್ಪುಹಲಗೆಗೆ ಮುಖ ಮಾಡಿ ನಿಂತವನು ಉತ್ತರಕ್ಕೆ ಮುಖ ಮಾಡಿದವನೆಂದೇ ಲೆಕ್ಕ. ಮೊದಲ ವರ್ಷದಲ್ಲಿ ಒಂದು ಸಂಜೆ ಮೊಮ್ಮಗಳು ಮನೆಗೆ ಬಂದು ಚೀಲ ಇಳಿಸುತ್ತ, "ಅಜ್ಜ, ನಮ್ಮ ಲ್ಯಾಬಲ್ಲಿ ಸೂರ್ಯ ಬೀರು ಹಿಂದೆ ಹುಟ್ಟಿ ಬಾಗಿಲ ಹತ್ರ ಮುಳುಗ್ತಾನೆ" ಎಂದಾಗ ತಮಾಷೆಯೆಂದುಕೊಂಡೆ. ಅವಳ ಸಹಪಾಠಿ, ಎತ್ತರದ ಕಾರಣಕ್ಕೆ ಗೆಳೆಯರಿಂದ 'ರೇಖಾಂಶ' ಎಂದು ಕರೆಸಿಕೊಳ್ಳುವ ಹುಡುಗ, ತನ್ನ ಫೋನಿನ ದಿಕ್ಸೂಚಿಯನ್ನು ತೋರಿಸಿ "ಸರ್, ಹಲಗೆ ನೈರುತ್ಯಕ್ಕಿದೆ" ಎಂದನಂತೆ. ಅಧ್ಯಾಪಕರು ಹೇಳಿದ್ದು: "ಫೋನ್ ಒಳಗಿಡು. ಪರೀಕ್ಷೆಗೆ ಬರೋ ಉತ್ತರ ಯಾವುದು ಅಂತ ನನಗೆ ಗೊತ್ತು."

ವಿದ್ಯಾರ್ಥಿಗಳು ಸೋಮಾರಿಗಳೆಂದು ತಮ್ಮವರು ಹೇಳಬಹುದು. ಹೇಳಲಿ. ಬೇರೆ ವಿಷಯ ಸಿಗಲಿಲ್ಲವೆಂದು ಭೂಗೋಳಕ್ಕೆ ಬಂದವರೂ ಅವರಲ್ಲಿದ್ದಾರೆ, ನಿಜ. ಆದರೆ ಮೊದಲ ವರ್ಷ ಅವರಲ್ಲಿ ಹಲವರು ನಡೆಯಲು ಗಟ್ಟಿ ಬೂಟುಗಳನ್ನೂ ಬಿಸಿಲಿಗೆ ಟೋಪಿಯನ್ನೂ ಸಿದ್ಧಪಡಿಸಿಕೊಂಡು ಬಂದಿದ್ದರು. "ಮೇಡಂ, ಹೊರಗೆ ಯಾವಾಗ ಹೋಗೋದು?" ಎಂದು ಕೇಳಿದ ಹುಡುಗಿಗೆ ಸಿಕ್ಕ ಉತ್ತರ, "ಹೊರಗೆ ಏನಿದೆ, ಬಿಸಿಲು ಬಿಟ್ಟು?" ಎಂಬುದು. ಇದನ್ನು ಹೇಳಿದವರು ಹವಾಮಾನ ವಿಜ್ಞಾನವನ್ನು ಬೋಧಿಸುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ಆ ಬೂಟುಗಳು ಅವರವರ ತಮ್ಮಂದಿರ ಕಾಲಿಗೆ ಹೋಗಿದ್ದವು. ಕುತೂಹಲವನ್ನು ಇಷ್ಟು ವ್ಯವಸ್ಥಿತವಾಗಿ ಕೊಲ್ಲುವ ಕೆಲಸವನ್ನು ಬೋಧನೆ ಎಂದು ಕರೆಯುವ ಧೈರ್ಯ ತಮ್ಮ ವಿಶ್ವವಿದ್ಯಾಲಯಕ್ಕೆ ಎಲ್ಲಿಂದ ಬಂತು?

ಈಗ ಕೆರೆಯ ವಿಷಯಕ್ಕೆ ಬರುತ್ತೇನೆ. ಅಂತಿಮ ವರ್ಷದಲ್ಲಿ ಮೂರು ದಿನಗಳ ಕ್ಷೇತ್ರಾಧ್ಯಯನ ಕಡ್ಡಾಯ. ವಿಶ್ವವಿದ್ಯಾಲಯದ ಹಿಂಗೋಡೆಯ ಆಚೆಗಿರುವ ಇಳಿಜಾರನ್ನು ಅಳೆದು ನಕ್ಷೆ ಬರೆಯಬೇಕು. ಬಸ್ಸು ಬೇಡ, ಊಟದ ಪೊಟ್ಟಣ ಬೇಡ. ಹಿಂದಿನ ಗೇಟಿನಿಂದ ಹೊರಬಿದ್ದು ರಸ್ತೆ ದಾಟಿದರೆ ಕ್ಷೇತ್ರ. ಅಷ್ಟು ದೂರವನ್ನೂ ಕ್ರಮಿಸದಿರಲು ತಮ್ಮ ವಿಭಾಗ ಒಂದು ಉಪಾಯ ಕಂಡುಕೊಂಡಿದೆ. ಪ್ರಯೋಗಶಾಲೆಯ ಮೂಲೆಯಲ್ಲಿ ಗಾಜಿನ ಮೇಜೊಂದಿದೆ; ಗಾಜಿನಡಿ ದೀಪ. ಎಂದೋ, ಯಾರೋ ಪುಣ್ಯಾತ್ಮರು ನಿಜವಾಗಿಯೂ ಅಳೆದು ಬರೆದ ಹಳೆಯ ನಕ್ಷೆಯನ್ನು ಆ ಗಾಜಿನ ಮೇಲಿಟ್ಟು, ಅದರ ಮೇಲೆ ಬಿಳಿ ಹಾಳೆ ಹಾಸಿ, ಬೆಳಕಿನಲ್ಲಿ ಕಾಣುವ ಗೆರೆಗಳ ಮೇಲೆ ಗೆರೆ ಎಳೆಯುವುದು. ಮೂರು ದಿನ ಸರದಿಯಲ್ಲಿ ನಿಂತು ಎಲ್ಲರೂ ಎಳೆಯುತ್ತಾರೆ. ಹಾಜರಿಯನ್ನು ಅಲ್ಲಿಯೇ ಕೂಗಲಾಗುತ್ತದೆ. ವರ್ಷದ ಮೇಲೆ ವರ್ಷ, ತಂಡದ ಮೇಲೆ ತಂಡ, ಇದೇ ಕ್ಷೇತ್ರಾಧ್ಯಯನ.

ಆ ಹಳೆಯ ನಕ್ಷೆಯ ಮೇಲೆ ಒಮ್ಮೆ ಯಾರೋ ಚಹಾ ಚೆಲ್ಲಿದ್ದಾರೆ. ಮೊಟ್ಟೆಯಾಕಾರದ ಕಂದು ಕಲೆ, ಒಂದು ಬದಿಗೆ ಸಣ್ಣ ಬಾಲ, ಪಕ್ಕದಲ್ಲಿ ಲೋಟದ ತಳ ಮೂಡಿಸಿದ ಅರ್ಧ ಉಂಗುರ. ದೀಪದ ಬೆಳಕಿನಲ್ಲಿ ಕಲೆಯ ಅಂಚು ಗೆರೆಯಂತೆಯೇ ಕಾಣುತ್ತದೆ. ಯಾವನೋ ಮೊದಲ ಪುಣ್ಯವಂತ ಅದನ್ನು ಕೆರೆಯೆಂದು ತಿಳಿದು ನೀಲಿ ಬಳಿದ. ಅರ್ಧ ಉಂಗುರವನ್ನು ಕೆರೆಯ ಒಡ್ಡು ಮಾಡಿದ. ಬಾಲ ಅದರ ಕಾಲುವೆಯಾಯಿತು. ನೋಡಿದ ಅಧ್ಯಾಪಕರು ಅಂಕ ಕೊಟ್ಟರು. ಅಂದಿನಿಂದ ತಮ್ಮ ವಿಶ್ವವಿದ್ಯಾಲಯದ ಹಿಂದೆ ಒಂದು ಕೆರೆಯಿದೆ.

ಕುಲಪತಿಗಳೇ, ತಾವು ಯಾವ ಶಾಸ್ತ್ರದವರೋ ಅರಿಯೆ, ಆದ್ದರಿಂದ ವಿವರಿಸುತ್ತೇನೆ. ನಕ್ಷೆಯಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳನ್ನು ಸಮೋನ್ನತ ರೇಖೆಗಳೆನ್ನುತ್ತಾರೆ. ತಮ್ಮ ನಕ್ಷೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಐದು ಮೀಟರು ಅಂತರ. ಅಂತಹ ಮೂರು ರೇಖೆಗಳು ಈ ಕೆರೆಯನ್ನು ಒಂದು ದಡದಲ್ಲಿ ಹೊಕ್ಕು ಇನ್ನೊಂದು ದಡದಲ್ಲಿ ಹೊರಬರುತ್ತವೆ. ಅಂದರೆ ಈ ಕೆರೆಯ ನೀರು ಒಂದು ಕಡೆ ಇನ್ನೊಂದು ಕಡೆಗಿಂತ ಹತ್ತು ಮೀಟರಿಗೂ ಮಿಗಿಲಾಗಿ ಎತ್ತರದಲ್ಲಿದೆ. ಗೋಡೆಗೆ ಒರಗಿಸಿಟ್ಟ ಚಾಪೆಯಂತೆ ನೀರು ಓರೆಯಾಗಿ ನಿಂತಿದೆ. ಏಳನೆಯ ತರಗತಿಯ ಮಗುವಿಗೆ ಈ ನಕ್ಷೆ ತೋರಿಸಿದರೆ ನಗುತ್ತದೆ. ತಮ್ಮ ವಿಭಾಗದಲ್ಲಿ ಇದನ್ನು ನೋಡಿ, ಸಹಿ ಹಾಕಿ, ರಟ್ಟು ಕಟ್ಟಿಸಿ, ಗ್ರಂಥಾಲಯದಲ್ಲಿ ಇಡಲಾಗಿದೆ. ಯಾರೂ ನಗಲಿಲ್ಲ. ನಗಬೇಕಾದರೆ ನೋಡಬೇಕಲ್ಲವೇ?

ಕೆರೆಯೊಂದು ಹುಟ್ಟಿದ ಮೇಲೆ ಅದರ ಸುತ್ತ ಜನಜೀವನ ಹುಟ್ಟದಿರುತ್ತದೆಯೇ? ವರದಿಗೆ ಮನೆಮನೆ ಸಮೀಕ್ಷೆಯೂ ಬೇಕು. ಅದನ್ನು ಕ್ಯಾಂಟೀನಿನಲ್ಲಿ ನಡೆಸುತ್ತಾರೆ. ಒಬ್ಬ ಪ್ರಶ್ನೆ ಕೇಳುವವನು, ಇನ್ನೊಬ್ಬ ಕೆರೆಯ ದಡದ ಮೀನುಗಾರ. ಮೊಮ್ಮಗಳ ಪಕ್ಕದ ಮೇಜಿನಲ್ಲಿ ನಡೆದ ಸಮೀಕ್ಷೆಯನ್ನು ಅವಳು ನನಗೆ ಅಭಿನಯಿಸಿ ತೋರಿಸಿದಳು.

"ನಿಮ್ಮ ಮನೇಲಿ ಎಷ್ಟು ಜನ?"

"ಹೋದ ವರ್ಷದ ವರದೀಲಿ ಎಷ್ಟಿದೆ ನೋಡೋ."

"ಆರು."

"ಹಾಗಾದ್ರೆ ಏಳು ಹಾಕು. ಒಂದು ವರ್ಷ ಆಯ್ತಲ್ಲ, ಒಂದು ಮಗು ಆಗಿರತ್ತೆ."

ಆ ಮೀನುಗಾರ ಬೇರೆ ಯಾರೂ ಅಲ್ಲ, ರೇಖಾಂಶನೇ. ಮನೆಗೆ ಬಂದಾಗ ಅವನನ್ನು ಕೇಳಿದೆ. ನಾಚಿಕೊಳ್ಳುತ್ತಲೇ ಹೇಳಿದ: "ಅಜ್ಜ, ನಾನು ದಡದಲ್ಲಿ ಒಂದು ದೋಣಿಕಟ್ಟೆಯನ್ನೂ ಬರೆದೆ. ಸುಮ್ನೆ, ಏನಂತಾರೆ ನೋಡೋಣ ಅಂತ. ಎರಡು ಮಾರ್ಕ್ಸ್ ಜಾಸ್ತಿ ಕೊಟ್ರು." ನಾನು ನಗಲಿಲ್ಲ. ಮೂರು ವರ್ಷಗಳ ಹಿಂದೆ ಹಲಗೆ ನೈರುತ್ಯಕ್ಕಿದೆ ಎಂದು ಎದ್ದು ನಿಂತಿದ್ದ ಹುಡುಗ ಇವನು. ತಮ್ಮ ವಿಭಾಗ ಅವನಿಗೆ ಕಲಿಸಿದ್ದು ಇದನ್ನು.

ಮೊಮ್ಮಗಳ ಸರದಿ ಬಂದಾಗ ಅವಳು ಗಾಜಿನ ಮೇಲೆ ಬಾಗಿ, ಕೆರೆ ಕಂದು ಬಣ್ಣದ್ದಾಗಿರುವುದನ್ನು ಕಂಡು, "ಇದು ಟೀ ಕಲೆ ಅಲ್ವಾ ಸರ್?" ಎಂದು ಕೇಳಿದಳು. "ಎಲ್ಲರೂ ಹಾಕ್ತಾರೆ, ನೀನೂ ಹಾಕು, ಹಿಂದೆ ಕ್ಯೂ ಇದೆ" ಎಂಬ ಉತ್ತರ ಬಂತು. ಅವಳು ಹಾಳೆಯನ್ನು ಸುತ್ತಿಕೊಂಡು ಮನೆಗೆ ಬಂದಳು. ವಿಷಯ ತಿಳಿದ ಅವಳ ತಾಯಿ, ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವ ನನ್ನ ಮಗಳು, "ಇಲ್ಲದ ಕೆರೆ ಕಾಣೋ ಅಂಥ ಗಾಜು ನಮ್ಮ ಅಂಗಡೀಲೂ ಇಲ್ಲಮ್ಮ" ಎಂದು ನಕ್ಕಳು. ಬೀರುವಿನ ಉಪಕರಣ ಸಿಗುವಂತಿರಲಿಲ್ಲ. ಪಕ್ಕದ ಮನೆಯ ಗಾರೆ ಕೆಲಸದವರಿಂದ ಮಟ್ಟ ನೋಡುವ ನೀರಿನ ಕೊಳವೆಯನ್ನೂ ಉದ್ದನೆಯ ಅಳತೆ ಟೇಪನ್ನೂ ಎರವಲು ತಂದು, ಉಳಿದ ಎರಡು ದಿನ ಅವಳು ಕೊಳವೆಯ ಒಂದು ತುದಿಯನ್ನೂ ನಾನು ಇನ್ನೊಂದು ತುದಿಯನ್ನೂ ಹಿಡಿದು, ಇಳಿಜಾರನ್ನು ತುಂಡು ತುಂಡಾಗಿ ಅಳೆದೆವು. ನನ್ನ ಕೆಲಸ ಹೆಚ್ಚೇನಲ್ಲ, ಅಲುಗಾಡದೆ ನಿಲ್ಲುವುದು. ಆದರೂ "ಅಜ್ಜ, ಉಸಿರು ಬಿಗಿಹಿಡೀರಿ, ನೀರು ಅಲುಗ್ತಿದೆ" ಎಂದು ಬೈಸಿಕೊಂಡೆ.

ನಕ್ಷೆಯ ಪ್ರಕಾರ ಕೆರೆಯ ಮಧ್ಯಭಾಗವಾಗಿರಬೇಕಿದ್ದಲ್ಲಿ ಒಂದು ಹಳೆಯ ಕಾರು ನಿಂತಿತ್ತು. ವಾಹನ ಚಾಲನೆ ಕಲಿಸುವವರೊಬ್ಬರು ಕಿಟಕಿಯಿಂದ ತಲೆ ಹೊರಹಾಕಿದರು.

"ಏನು ಸರ್, ಸೈಟ್ ಅಳೀತಿದ್ದೀರಾ?"

"ಇಲ್ಲಪ್ಪ, ಕೆರೆ ಹುಡುಕ್ತಿದ್ದೀವಿ."

"ಕೆರೇನಾ? ಇಲ್ಲೀನಾ?" ಅವರು ಕೆಳಗಿಳಿದೇಬಿಟ್ಟರು. "ಸರ್, ಏರಲ್ಲಿ ನಿಂತ ಗಾಡಿ ಹಿಂದೆ ಜಾರದ ಹಾಗೆ ಎತ್ತೋದನ್ನ ಕಲಿಸೋಕೆ ಎಲ್ಲರನ್ನೂ ಇಲ್ಲಿಗೇ ಕರ್ಕೊಂಡು ಬರೋದು ನಾನು. ಇಲ್ಲಿ ನೀರು ನಿಲ್ಬೇಕಾದ್ರೆ ಅದಕ್ಕೂ ಹ್ಯಾಂಡ್‌ಬ್ರೇಕ್ ಹಾಕ್ಬೇಕು."

ಚಾಲಕರ ಸ್ಥಾನದಿಂದ ಹೆಂಗಸಿನ ದನಿ ಚೀರಿತು: "ಸರ್, ಮಾತು ಆಮೇಲೆ ಆಡಿ! ಗಾಡಿ ಹಿಂದೆ ಹೋಗ್ತಿದೆ!"

ಮೊಮ್ಮಗಳು ಅಳೆದದ್ದನ್ನೆಲ್ಲ ಮನೆಯ ಊಟದ ಮೇಜಿನ ಮೇಲೆ ನಕ್ಷೆಯಾಗಿ ಬರೆದಳು. ಒಂದು ವಾರ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ನಕ್ಷೆಯಲ್ಲಿ ಇಳಿಜಾರಿತ್ತು, ಕಾಲುದಾರಿಯಿತ್ತು, ಹೊಸದಾಗಿ ಎದ್ದ ಮನೆಗಳ ಸಾಲಿತ್ತು. ಮೌಖಿಕ ಪರೀಕ್ಷೆಯಲ್ಲಿ ವಿಭಾಗದ ಮುಖ್ಯಸ್ಥರು ಅದನ್ನು ಕೈಗೆತ್ತಿಕೊಂಡರು.

"ಕೆರೆ ಎಲ್ಲಮ್ಮ?"

"ಇಲ್ಲ ಸರ್."

"ಇಲ್ಲ ಅಂದ್ರೆ? ಬರೆಯೋದು ಬಿಟ್ಟುಹೋಯ್ತಾ?"

"ಅಲ್ಲಿ ಕೆರೆಯೇ ಇಲ್ಲ ಸರ್. ಹೋಗಿ ಅಳ್ಕೊಂಡು ಬಂದೆ."

ಈ ಹಂತದಲ್ಲಿ ಭೂಗೋಳದ ಪ್ರಾಧ್ಯಾಪಕರೊಬ್ಬರು ಕೇಳಬಹುದಾದ ಪ್ರಶ್ನೆಗಳು ಹಲವು. ಹೇಗೆ ಅಳೆದೆ? ಎಲ್ಲಿಂದ ಆರಂಭಿಸಿದೆ? ತಪ್ಪು ಎಷ್ಟಿರಬಹುದು? ಅವರು ಕೇಳಿದ್ದು, "ಯಾರನ್ನ ಕೇಳಿ ಹೋದೆ?" ಎಂದು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬಿಸ್ಕತ್ತನ್ನು ತಟ್ಟೆಗಿಟ್ಟು, "ಮೂವತ್ತೊಂಬತ್ತು ಜನಕ್ಕೆ ಕಂಡ ಕೆರೆ ನಿನಗೊಬ್ಬಳಿಗೆ ಕಾಣ್ಲಿಲ್ವಾ?" ಎಂದರು. "ಅವರು ಕಂಡಿದ್ದಲ್ಲ ಸರ್, ಕಾಪಿ ಮಾಡಿದ್ದು" ಎಂದಳು ಇವಳು. ವಿನಯ ಸಾಲದೆಂದು ತಾವು ಹೇಳಬಹುದು. ಸತ್ಯ ಸಾಲದೆಂದು ಹೇಳಲಾರಿರಿ. ತಮ್ಮ ಪ್ರಕಟಣೆ 'ಅಪಪ್ರಚಾರ' ಎಂದದ್ದು ಈ ಒಂದು ಮಾತನ್ನು.

ಸೊನ್ನೆಗೆ ಕಾರಣ ಬೇಕಿತ್ತು. ಹಾಜರಿ ಪುಸ್ತಕ ಅದನ್ನು ಒದಗಿಸಿತು. ಕ್ಷೇತ್ರಾಧ್ಯಯನಕ್ಕೆ ಗೊತ್ತುಪಡಿಸಿದ ಎರಡನೆಯ ಮತ್ತು ಮೂರನೆಯ ದಿನ ಮೂರನೆಯ ಮಹಡಿಯಲ್ಲಿ ಹೆಸರು ಕೂಗಿದಾಗ ಅವಳು ಅಲ್ಲಿರಲಿಲ್ಲ. ಇರಲಿಲ್ಲ, ಏಕೆಂದರೆ ಕ್ಷೇತ್ರದಲ್ಲಿದ್ದಳು. ಕ್ಷೇತ್ರದಲ್ಲಿದ್ದುದರಿಂದ ಕ್ಷೇತ್ರಾಧ್ಯಯನಕ್ಕೆ ಗೈರುಹಾಜರಿ! ಈ ವಾಕ್ಯವನ್ನು ನಾನು ಹಲವು ಬಾರಿ ಓದಿ ನೋಡಿದೆ. ವ್ಯಾಕರಣದಲ್ಲಿ ದೋಷವಿಲ್ಲ. ದೋಷವಿರುವುದು ಇದನ್ನು ಬರೆದು, ಮೊಹರು ಒತ್ತಿ, ಪತ್ರಿಕೆಗೆ ಕಳಿಸಿ, ಮನೆಗೆ ಹೋಗಿ ನಿಶ್ಚಿಂತೆಯಿಂದ ಉಣ್ಣಬಲ್ಲ ಮನಸ್ಸಿನಲ್ಲಿ. ನನಗೆ ಹೇಸಿಗೆಯೆನಿಸುತ್ತದೆ. ಬೇರೆ ಮೆದುವಾದ ಪದವನ್ನು ಹುಡುಕಿದೆ; ಇಲ್ಲಿಗೆ ಒಪ್ಪುವಂಥದು ಸಿಗಲಿಲ್ಲ.

ಪ್ರಕಟಣೆ ಹೊರಬಿದ್ದ ಮರುದಿನ ಮುಖ್ಯಸ್ಥರು ಅವಳನ್ನು ಕರೆಸಿದರು. ನಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತೆ. ಬಾಗಿಲು ತೆರೆದಿತ್ತು. ಅವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು.

"ನೋಡಮ್ಮ, ನಿನ್ನ ಕೈ ಚೆನ್ನಾಗಿದೆ. ಇಷ್ಟು ಅಚ್ಚುಕಟ್ಟಾದ ನಕ್ಷೆ ಈಚೆಗೆ ನಾನು ನೋಡಿಲ್ಲ. ನಮ್ಮ ಹಳೇ ಹಾಳೆ ಮಡಿಕೆ ಮಡಿಕೆಯಲ್ಲೂ ಹರೀತಿದೆ. ನೀನು ಆ ಕೆರೆ ಒಂದನ್ನ ಸೇರಿಸಿ ಬುಧವಾರದೊಳಗೆ ಕೊಟ್ಬಿಡು. ಹಾಜರಿ ನಾನು ನೋಡ್ಕೋತೀನಿ, ಮಾರ್ಕ್ಸೂ ಬರತ್ತೆ. ಮುಂದಿನ ವರ್ಷದಿಂದ ಗಾಜಿನ ಮೇಲೆ ನಿನ್ನ ನಕ್ಷೇನೇ ಇಡ್ತೀವಿ."

"ಸರ್, ಕೆರೆ ಯಾಕೆ ಬೇಕೇ ಬೇಕು?"

"ಇಷ್ಟು ವರ್ಷದ ವರದೀಲಿ ಇದೆಯಲ್ಲಮ್ಮ. ಈಗ ತೆಗೆದ್ರೆ ಅಷ್ಟೂ ತಪ್ಪು ಅಂತಾಗಲ್ವಾ?"

ಕುಲಪತಿಗಳೇ, ಗಮನಿಸಿ. ಕೆರೆ ಇಲ್ಲವೆಂಬುದು ಅವರಿಗೂ ಗೊತ್ತು. ಅಜ್ಞಾನವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ; ಅಜ್ಞಾನ ನನ್ನ ವೃತ್ತಿಜೀವನದ ಸಂಗಾತಿ, ಅದರ ಮೇಲೆ ನನಗೆ ಕೋಪವಿಲ್ಲ. ತಿಳಿದವರು ತಿಳಿಯದಂತೆ ಇರಲು ಒಂದು ವಿಭಾಗವನ್ನೇ ನಡೆಸುತ್ತಿದ್ದಾರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಅವಳು ನಕ್ಷೆಯನ್ನು ಮತ್ತೆ ಊಟದ ಮೇಜಿನ ಮೇಲೆ ಹರಡಿ, ನೀಲಿ ಪೆನ್ನಿನ ಮುಚ್ಚಳ ತೆಗೆದು ಕುಳಿತಳು. ಅಂದು ನಕ್ಕಿದ್ದ ಅವಳ ತಾಯಿ ನಗಲಿಲ್ಲ. "ಬರೆದು ಬಿಸಾಕು ಮಗಳೇ. ಒಂದು ಗೆರೆ ತಾನೆ? ಅದಕ್ಕೋಸ್ಕರ ಸೀಟ್ ಕಳ್ಕೊಳ್ತೀಯಾ? ಮುಂದೆ ನಿಜವಾದ ನೆಲಾನೇ ಅಳೀತೀಯಂತೆ, ಯಾರು ಬೇಡ ಅಂತಾರೆ?" ಎಂದಳು. ತಾಯಿಯ ಮಾತಿನಲ್ಲಿ ತಪ್ಪಿಲ್ಲ; ಬೆಳಗಿನಿಂದ ಸಂಜೆಯವರೆಗೆ ಗಾಜಿನ ಪುಡಿಯ ನಡುವೆ ನಿಂತು ಮಗಳನ್ನು ಓದಿಸಿದವಳು ಅವಳು. ಮೊಮ್ಮಗಳು ನನ್ನತ್ತ ತಿರುಗಿ, "ಅಜ್ಜ, ನೀವೇನಂತೀರಿ? ಬರೆದುಬಿಡ್ಲಾ?" ಎಂದಳು. ಬೇರೆಯವರ ಮಕ್ಕಳಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಅವಳೇ ಪೆನ್ನಿಗೆ ಮುಚ್ಚಳ ಹಾಕಿ, ತಾಯಿಗೆ ಹೇಳಿದಳು:

"ಟೀ ಚೆಲ್ಲಿದವರು ಗೊತ್ತಿಲ್ದೆ ಚೆಲ್ಲಿದ್ರಮ್ಮ. ನಾನು ಬರೆದ್ರೆ ಗೊತ್ತಿದ್ದೂ ಬರೆದ ಹಾಗಾಗತ್ತೆ. ಆಮೇಲೆ ನನ್ನ ಗೆರೆ ಮೇಲೆ ಇನ್ನೆಷ್ಟು ಜನ ಗೆರೆ ಎಳೀತಾರೋ."

ಅವಳ ತಾಯಿ ಒಳಗೆ ಹೋಗಿ ಮೂವರಿಗೂ ತಟ್ಟೆ ತಂದಳು. ತಟ್ಟೆಗಳು ಆ ರಾತ್ರಿಯೂ ತೊಡೆಯ ಮೇಲೆಯೇ ಇದ್ದವು.

ಇಂತಹ ವಿದ್ಯಾರ್ಥಿನಿ ತಮ್ಮ ವಿಶ್ವವಿದ್ಯಾಲಯದಲ್ಲಿ ತಯಾರಾಗಿದ್ದಾಳೆ. ತಮ್ಮಿಂದಲ್ಲ, ತಮ್ಮನ್ನು ಮೀರಿ. ಆದ್ದರಿಂದ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಇಡುತ್ತೇನೆ. ಆ ನಕ್ಷೆಯನ್ನು, ಇಳಿಜಾರಿನ ಮೇಲೆ ಒಮ್ಮೆಯಾದರೂ ನಡೆದುಬಂದವರಿಂದ ಮೌಲ್ಯಮಾಪನ ಮಾಡಿಸಿ. ತಮ್ಮಲ್ಲಿ ಅಂತಹವರು ಇಲ್ಲದಿದ್ದರೆ ತಾವೇ ಬನ್ನಿ. ತಮ್ಮ ಕಚೇರಿಯ ಹಿಂದಿನ ಕಿಟಕಿಯ ಪರದೆ ಸರಿಸಿದರೆ ಜಾಗ ಕಾಣುತ್ತದೆ, ದಾರಿ ಕೇಳುವ ಅಗತ್ಯವೂ ಇಲ್ಲ. ಗೈರುಹಾಜರಿಯನ್ನು ಹೊಡೆದುಹಾಕಿಸಿ. ಗುರುವಾರದ ಪ್ರಕಟಣೆಯನ್ನು ಅದೇ ಪತ್ರಿಕೆಯ ಅದೇ ಪುಟದಲ್ಲಿ ತಿದ್ದಿಸಿ. ಇದಾವುದೂ ಆಗದೆನ್ನುವುದಾದರೆ ಸೊನ್ನೆಯನ್ನು ಹಾಗೆಯೇ ಇರಿಸಿಕೊಳ್ಳಿ, ಆದರೆ ಕಾರಣವನ್ನಾದರೂ ಸರಿಯಾಗಿ ಬರೆಯಿರಿ: 'ಇಲ್ಲದ ಕೆರೆಯನ್ನು ಇದೆಯೆಂದು ಬರೆಯಲು ಒಪ್ಪದ ಕಾರಣ.' ಕೆಳಗೆ ತಮ್ಮ ಸಹಿ ಇರಲಿ. ಆ ಕಾಗದ ಸಿಕ್ಕರೆ ಸೀಟು ಹೋದರೂ ಚಿಂತೆಯಿಲ್ಲ ಎನ್ನುತ್ತಾಳೆ ಅವಳು. ನನಗೆ ಚಿಂತೆಯಿದೆ. ಅವಳ ತಾಯಿಗೆ ನಿದ್ದೆಯೇ ಇಲ್ಲ.

ಬುಧವಾರ ಅವಳು ನಕ್ಷೆಯೊಂದಿಗೆ ತಮ್ಮ ಕಚೇರಿಗೇ ಬರುತ್ತಾಳೆ. ನೀಲಿ ಪೆನ್ನನ್ನು ತರುವುದಿಲ್ಲ.

ಇಂತಿ,
ತಮ್ಮ ತರಗತಿಗಳಿಗೆ ಪ್ರಶ್ನೆ ಕೇಳುವ ಮಕ್ಕಳನ್ನೇ ಕಳಿಸಿಕೊಟ್ಟೆನೆಂದು ಇಷ್ಟು ವರ್ಷ ಬೀಗಿದ್ದ,
ನಿವೃತ್ತ ಶಾಲಾ ಶಿಕ್ಷಕ

ಭಾನುವಾರ, ೧೪ ಜೂನ್ ೨೦೨೬, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ